ಆಚಾರವನ್ನು ಜನರು ಏಕೆ ಬಿಡಲೊಲ್ಲರು? ನಮ್ಮ ಸೀಮೆಯ ಇತಿಹಾಸ ಹೇಳುವ ಮಾತು

ಶತಮಾನೋತ್ಸವದ ಸಿದ್ಧತೆಗಾಗಿ ಸೇರಿದ ಒಂದು ಸಭೆಯಲ್ಲಿ ನಮ್ಮ ಧರ್ಮಕೇಂದ್ರದ ಯುವಕನೊಬ್ಬನು ಎದ್ದು ನಿಂತು ನಮ್ಮನ್ನು ನೇರವಾಗಿ ಪ್ರಶ್ನಿಸಿದನು. ಅವನ ತಂದೆ ತೀರಿಕೊಂಡ ದಿನ ಬಂಧುಗಳು ತಾಯಿಯ ಬಳೆ ಒಡೆದರು. ಎರಡು ವರ್ಷಗಳ ಅನಂತರ ಅಕ್ಕನ ವಿವಾಹ ಇದೇ ದೇವಾಲಯದಲ್ಲಿ ನಡೆದಾಗ ಆ ತಾಯಿ ಪೀಠದ ಬಳಿಗೆ ಬರಲಿಲ್ಲ; ಆರತಿಯ ತಟ್ಟೆ ಮುಟ್ಟಲಿಲ್ಲ; ಊಟದ ಹೊತ್ತಿನವರೆಗೂ ಒಲೆಯ ಮುಂದೆಯೇ ಕುಳಿತಿದ್ದಳು. "ಫಾದರ್, ನಮ್ಮ ಮನೆತನ ಜ್ಞಾನಸ್ನಾನ ಪಡೆದು ಮೂರು ತಲೆಮಾರಾಯಿತು. ಇದನ್ನು ಇನ್ನೂ ಏಕೆ ಬಿಟ್ಟಿಲ್ಲ? ಬರುವ ಭಾನುವಾರ ಪೀಠದಿಂದ ಕಟ್ಟಪ್ಪಣೆ ಮಾಡಿಬಿಡಿರಿ" ಎಂದು ಅವನು ಕೇಳಿದನು.

ಅಂದು ನಾವು ಉತ್ತರ ಕೊಡಲಿಲ್ಲ. ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯ ಕಟ್ಟಿದವರ, ಶಾಲೆ ನಡೆಸಿದವರ, ಸೇವೆ ಸಲ್ಲಿಸಿದ ಗುರುಗಳ ಹಾಗೂ ಕನ್ಯಾಸ್ತ್ರೀಯರ ವಿಷಯವಾಗಿ ಬೇರೆಯವರು ಬರೆದಿದ್ದಾರೆ. ನಮಗೆ ಒದಗಿದ ಪುಟಗಳನ್ನು ಆ ಯುವಕನ ಪ್ರಶ್ನೆಗೆ ಮೀಸಲಿಡುವುದು ಯೋಗ್ಯವೆಂದು ತೋರಿತು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿಗಳ ಇತಿಹಾಸವೇ ಇದಕ್ಕೆ ಸಾಕ್ಷಿಯಾಗಿದೆ.

ಕಿತ್ತೂರಿನ ದತ್ತಕ

ಕಿತ್ತೂರಿನ ವೀರಗಾಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆದರೆ ಆ ಯುದ್ಧದ ಮೂಲದಲ್ಲಿ ಇದ್ದದ್ದು ಒಂದು ಆಚಾರ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ದೇಸಾಯಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ 1824ರ ಸೆಪ್ಟೆಂಬರ್ ತಿಂಗಳಿನಲ್ಲಿ ತೀರಿಕೊಂಡನು. ಸಂಸ್ಥಾನಕ್ಕೆ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕವಾಗಿ ಸ್ವೀಕರಿಸಲಾಯಿತು. ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು 1829ರ ಫೆಬ್ರವರಿ 2ರಂದು ಅಲ್ಲಿಯೇ ದೇಹವಿಟ್ಟಳು. ಅವಳ ಸಮಾಧಿಯ ಮುಂದೆ ನಾವು ಎಷ್ಟೋ ಸಲ ತಲೆಬಾಗಿ ನಡೆದಿದ್ದೇವೆ.

ಕಂಪನಿಯ ಅಧಿಕಾರಿಗಳ ದೃಷ್ಟಿಯಲ್ಲಿ ದತ್ತಕವೆಂದರೆ ಒಂದು ಕಾಗದಪತ್ರದ ಮಾತು: ಸಹಿ ನಿಜವೋ ಸುಳ್ಳೋ, ಅಪ್ಪಣೆ ಪಡೆದಿದ್ದಾರೋ ಇಲ್ಲವೋ. ಕಿತ್ತೂರಿನವರಿಗೆ ಅದು ಅಷ್ಟು ಮಾತ್ರವಾಗಿರಲಿಲ್ಲ. ಮನೆತನದ ಹೆಸರು, ದೇವರ ಪೂಜೆ, ಹಿರಿಯರ ಸಮಾಧಿಯ ಸೇವೆ, ವಿಧವೆಯರ ಅನ್ನವಸ್ತ್ರ, ಸಂಸ್ಥಾನವನ್ನು ನಂಬಿದ ಕುಟುಂಬಗಳ ಇನಾಮು ಭೂಮಿ, ಇವೆಲ್ಲವೂ ಆ ಒಂದು ಆಚಾರವನ್ನು ಆತುಕೊಂಡಿದ್ದವು. ಸಂಗೊಳ್ಳಿ ರಾಯಣ್ಣನು ಅರಸುಕುಲದವನಲ್ಲ. ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಶೇತಸನದಿ ಅವನು. ಸಂಸ್ಥಾನ ಅಳಿದರೆ ತನ್ನಂಥವರ ಹೊಲಕ್ಕೂ ಮಾನಕ್ಕೂ ಆಸರೆ ಇಲ್ಲವೆಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಆದ್ದರಿಂದಲೇ ರಾಣಿಯ ಮರಣದ ತರುವಾಯವೂ ದತ್ತುಪುತ್ರನ ಹೆಸರಿನಲ್ಲಿ ಬಂಡಾಯವನ್ನು ನಡೆಸಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು.

ಸುರೇಬಾನದ ರಾತ್ರಿ

ಇಷ್ಟಾದರೂ ಆಳುವವರು ಪಾಠ ಕಲಿಯಲಿಲ್ಲ. ನರಗುಂದ ಮತ್ತು ರಾಮದುರ್ಗಗಳು ಭಾವೆ ಮನೆತನದ ಎರಡು ಸಂಸ್ಥಾನಗಳು. ನರಗುಂದದ ಬಾಬಾಸಾಹೇಬನೆಂಬ ಭಾಸ್ಕರರಾಯನಿಗೆ ಗಂಡುಸಂತಾನವಿರಲಿಲ್ಲ. ದತ್ತಕಕ್ಕೆ ಅನುಮತಿ ಬೇಡಿದಾಗ ಸರಕಾರ ನಿರಾಕರಿಸಿತು. ಅದರ ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಬಂದಿತು. 1858ರ ಮೇ 29ರ ರಾತ್ರಿ, ರಾಮದುರ್ಗದಿಂದ ನರಗುಂದದತ್ತ ಹೊರಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಜನರು ಅವನನ್ನು ಕೊಂದರು. ಹದಿನೈದು ದಿನ ತುಂಬುವುದರೊಳಗೆ, ಜೂನ್ 12ರಂದು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬಂಡಾಯದಲ್ಲಿ ಸೇರದ ರಾಮದುರ್ಗ ಸಂಸ್ಥಾನ ಮಾತ್ರ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಉಳಿಯಿತು.

ಅದೇ ವರ್ಷದ ನವೆಂಬರ್ 1ರಂದು ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆಯಲ್ಲಿ ಭಾರತೀಯರ ಪ್ರಾಚೀನ ಹಕ್ಕು, ರೂಢಿ, ಆಚಾರಗಳಿಗೆ ಮನ್ನಣೆ ಕೊಡುವ ಭರವಸೆ ಸೇರಿತು. ಕೆಲವೇ ವರ್ಷಗಳಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳೂ ದೊರೆತವು. ಕಿತ್ತೂರಿನಲ್ಲಿ 1824ರಲ್ಲಿ ಒಂದು ಮಾತಿನಿಂದ ಕೊಡಬಹುದಾಗಿದ್ದುದನ್ನು ಕೊಡಲು ಮೂವತ್ತನಾಲ್ಕು ವರ್ಷಗಳೂ ಅಪಾರ ರಕ್ತವೂ ಬೇಕಾದವು.

ಎಲ್ಲಮ್ಮನ ಗುಡ್ಡ

ಇಷ್ಟನ್ನೇ ಓದಿದವರು, "ಹಾಗಾದರೆ ಎಲ್ಲ ಆಚಾರಗಳೂ ಒಳ್ಳೆಯವೇ, ಅವನ್ನು ಮುಟ್ಟಲೇಬಾರದೇ?" ಎಂದು ಕೇಳಬಹುದು. ಈ ಪ್ರಶ್ನೆಗೆ ಸವದತ್ತಿಯೇ ಉತ್ತರ ಹೇಳುತ್ತದೆ.

ಭಾರತ ಹುಣ್ಣಿಮೆಯ ದಿನಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಚಕ್ಕಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರ್ ಬಸ್ಸುಗಳಲ್ಲಿ, ಉಧೋ ಉಧೋ ಎನ್ನುತ್ತ ಬರುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಅವರ ಭಕ್ತಿಯನ್ನು ಕುರಿತು ಇಲ್ಲಿ ನಮ್ಮ ಆಕ್ಷೇಪವಿಲ್ಲ. ಆದರೆ ಆ ದೇವಿಯ ಹೆಸರಿನಲ್ಲಿ ಬಡವರ, ಅದರಲ್ಲಿಯೂ ದಲಿತರ ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲಿಯೇ ಮುತ್ತು ಕಟ್ಟಿ, ಅವರನ್ನು ಮದುವೆಯ ಬಾಳಿನಿಂದ ದೂರವಿಟ್ಟು, ಉಳ್ಳವರ ಭೋಗಕ್ಕೂ ಮುಂಬಯಿಯ ವೇಶ್ಯಾಗೃಹಗಳಿಗೂ ಒಪ್ಪಿಸಿದ ಪದ್ಧತಿ ಈ ನಾಡಿನ ದೊಡ್ಡ ಗಾಯ.

ಕಾನೂನು ಇರಲಿಲ್ಲವೆಂದಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಯ ಕಾಯಿದೆಯಾಗಿತ್ತು. ಮತ್ತೆ ನಮ್ಮ ರಾಜ್ಯದ ಶಾಸನಸಭೆ 1982ರಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸಿತು. ತಂದೆತಾಯಿಗಳೇ ತಪ್ಪಿತಸ್ಥರಾದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಿತು. ಆದರೂ 1993-94ರ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರ ಹೆಸರು ದಾಖಲಾಯಿತು. 2007-08ರ ಸಮೀಕ್ಷೆಯ ಹೆಸರುಗಳೂ ಕೂಡಿದಾಗ ಲೆಕ್ಕ 46,660ಕ್ಕೆ ಏರಿತು.

ಕಾನೂನಿಗೆ ಜನ ಏಕೆ ಮಣಿಯಲಿಲ್ಲ? ಕೆಲವು ಕಡೆ ದೇವಿಯ ಭಯ: ಮಗುವಿನ ತಲೆಯಲ್ಲಿ ಜಡೆಗಟ್ಟಿದರೆ, ಮೈಮೇಲೆ ಹುಣ್ಣು ಎದ್ದರೆ, ಅದು ಎಲ್ಲಮ್ಮನ ಕರೆಯೆಂಬ ನಂಬಿಕೆ. ಕೆಲವು ಕಡೆ ಊರ ಬಲ್ಲಿದರ ಸ್ವಾರ್ಥ. ಪದ್ಧತಿ ಉಳಿಯುವುದರಿಂದ ಅವರಿಗೆ ಲಾಭವಿತ್ತು. ಆದರೆ ಇನ್ನೊಂದು ಕಾರಣವನ್ನು ನಾವು ಮರೆಯಬಾರದು. ಗಂಡುಮಗನಿಲ್ಲದ ಬಡವನು ಮಗಳಿಗೆ ಮುತ್ತು ಕಟ್ಟಿದರೆ ಅವಳು ಪರರ ಮನೆಗೆ ಹೋಗಳು. ಮಗನಂತೆ ಮನೆಯಲ್ಲಿ ಉಳಿದು ದುಡಿದು ಹಾಕುವಳು. ತಂದೆಯ ಗುಡಿಸಲು, ತುಂಡು ನೆಲ ಅವಳಿಗೆ ಬರುವುದು. ಮುಪ್ಪಿನಲ್ಲಿ ತಂದೆತಾಯಿಗಳ ಬಾಯಿಗೆ ನೀರು ಬಿಡುವವಳು ಅವಳೇ. ಕಿತ್ತೂರಿನ ಅರಮನೆಗೆ ದತ್ತುಪುತ್ರನು ಏನಾಗಿದ್ದನೋ, ಬಡವನ ಗುಡಿಸಲಿಗೆ ಮುತ್ತು ಕಟ್ಟಿಸಿಕೊಂಡ ಮಗಳು ಅದೇ ಆಗಿದ್ದಳು. ಭೇದವಿಷ್ಟೇ: ಅಲ್ಲಿ ಬಾಲಕನಿಗೆ ಗಾದಿ ದೊರೆಯುತ್ತಿತ್ತು, ಇಲ್ಲಿ ಬಾಲಕಿಯ ಬಾಳೇ ಬಲಿಯಾಗುತ್ತಿತ್ತು.

ಈ ಪದ್ಧತಿ ಸಡಿಲಗೊಳ್ಳಲು ಆರಂಭಿಸಿದ್ದು ಕಾನೂನಿನ ಜೊತೆಗೆ ಆಸರೆಯೂ ಬಂದಾಗ. ಮುತ್ತು ಕಟ್ಟಿಸಿಕೊಂಡಿದ್ದ ಸ್ತ್ರೀಯರೇ 1997ರಲ್ಲಿ ನಮ್ಮ ಜಿಲ್ಲೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಸಾಲ, ಮಾಸಾಶನ, ಮಕ್ಕಳ ಶಾಲೆ ಇವುಗಳ ಸಲುವಾಗಿ ದುಡಿದರು. ಎಲ್ಲಿಯಾದರೂ ಮುತ್ತು ಕಟ್ಟುವ ಸುದ್ದಿ ಬಂದರೆ ತಾವೇ ಹೋಗಿ ತಡೆದರು. ಅವರ ಮಾತನ್ನು ಜನ ಕೇಳಿದರು, ಏಕೆಂದರೆ ಅದು ಗಾಯಗೊಂಡವರ ಮಾತು. 2025ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆಯು ದೇವದಾಸಿಯರ ಮಕ್ಕಳಿಗೆ ತಂದೆಯ ಗುರುತನ್ನೂ ಆಸ್ತಿಯಲ್ಲಿ ಹಕ್ಕನ್ನೂ ಕೇಳುವ ದಾರಿ ಮಾಡಿತು. ದಂಡನೆಯ ಜೊತೆಗೆ ಹಕ್ಕನ್ನೂ ಕೊಡಬೇಕೆಂಬುದು ಕಾನೂನಿಗೂ ತಿಳಿಯಲು ಇಷ್ಟು ಕಾಲ ಹಿಡಿಯಿತು.

ನಮ್ಮ ಮನೆಯ ಕಥೆ

ಪರರ ಆಚಾರವನ್ನು ವಿಮರ್ಶಿಸುವುದು ಸುಲಭ. ನಮ್ಮ ಧರ್ಮಸಭೆಯ ಅಂಗಳದಲ್ಲಿ ನಡೆದುದನ್ನೂ ನೋಡೋಣ.

ಧರ್ಮಸಭೆ ಎದುರಿಸಿದ ಮೊತ್ತಮೊದಲಿನ ದೊಡ್ಡ ವಿವಾದವೇ ಆಚಾರದ್ದು. ಕ್ರಿ. ಶ. 49ರ ಸುಮಾರಿಗೆ ಜೆರುಸಲೇಮಿನಲ್ಲಿ ಪ್ರೇಷಿತರು ಸಭೆ ಸೇರಿ, ಅನ್ಯಜನಾಂಗದಿಂದ ಬಂದ ವಿಶ್ವಾಸಿಗಳ ಮೇಲೆ ಸುನ್ನತಿಯ ಹೊರೆಯನ್ನು ಹೊರಿಸಬಾರದೆಂದು ತೀರ್ಮಾನಿಸಿದರು. ಪ್ರೇಷಿತರ ಕಾರ್ಯಕಲಾಪಗಳ ಹದಿನೈದನೆಯ ಅಧ್ಯಾಯವನ್ನು ಓದಿದವರಿಗೆ ಆ ಚರ್ಚೆ ಎಷ್ಟು ಬಿಸಿಯಾಗಿತ್ತೆಂಬುದು ತಿಳಿದೀತು. 1606ರಲ್ಲಿ ಮದುರೆಗೆ ಬಂದ ಯೇಸುಸಭೆಯ ರಾಬರ್ಟೊ ದೆ ನೊಬಿಲಿ ಸಂನ್ಯಾಸಿಯಂತೆ ಕಾವಿ ಉಟ್ಟು, ಸಸ್ಯಾಹಾರಿಯಾಗಿ ಬಾಳಿ, ಕ್ರೈಸ್ತರಾದವರು ಜುಟ್ಟು, ಜನಿವಾರ, ಗಂಧಗಳನ್ನು ಉಳಿಸಿಕೊಳ್ಳಬಹುದೆಂದರು. ಜಗದ್ಗುರು ಹದಿನೈದನೆಯ ಗ್ರೆಗರಿಯವರು 1623ರಲ್ಲಿ ಕೆಲವು ನಿಯಮಗಳೊಂದಿಗೆ ಅದಕ್ಕೆ ಸಮ್ಮತಿಯಿತ್ತರು. 1659ರಲ್ಲಿ ರೋಮಿನ ಧರ್ಮಪ್ರಚಾರ ಪರಿಷತ್ತು ಪೂರ್ವದೇಶಗಳಿಗೆ ಹೊರಟ ಗುರುಗಳಿಗೆ ಕೊಟ್ಟ ಸೂಚನೆ ಇಂದಿಗೂ ಮನನ ಮಾಡತಕ್ಕದ್ದು. ಜನರ ರೂಢಿಗಳು ಧರ್ಮಕ್ಕೂ ಸದಾಚಾರಕ್ಕೂ ಸ್ಪಷ್ಟವಾಗಿ ವಿರುದ್ಧವಾಗಿರದಿದ್ದರೆ ಅವನ್ನು ಬದಲಿಸಲು ಯತ್ನಿಸಬೇಡಿರಿ. ತನ್ನ ನಾಡಿನ ರೂಢಿಯನ್ನು ಪ್ರೀತಿಸುವುದು ಮನುಷ್ಯಸ್ವಭಾವ. ಅದನ್ನು ಕೀಳಹೊರಟವರ ಮೇಲೆ ದ್ವೇಷ ಹುಟ್ಟುವುದು ಸಹಜ ಎಂಬುದು ಅದರ ತಾತ್ಪರ್ಯ.

ಆದರೆ ಈ ವಿವೇಕ ಎಲ್ಲ ಕಾಲಕ್ಕೂ ಉಳಿಯಲಿಲ್ಲ. 1736ರಲ್ಲಿ ಗೋವೆಯ ಧಾರ್ಮಿಕ ವಿಚಾರಣಾ ನ್ಯಾಯಮಂಡಲಿ ಹೊರಡಿಸಿದ ಆಜ್ಞೆ ಕ್ರೈಸ್ತರ ಮನೆಯ ತುಳಸಿಯನ್ನೂ, ಗಂಡಸರ ಧೋತರವನ್ನೂ, ಹೆಂಗಸರ ಕುಪ್ಪಸವನ್ನೂ, ಮದುವೆಯ ಅನೇಕ ಪದ್ಧತಿಗಳನ್ನೂ ನಿಷೇಧಿಸಿತು. ಆ ನ್ಯಾಯಮಂಡಲಿ 1812ರಲ್ಲಿ ರದ್ದಾಯಿತು. ಆದರೆ ಮದುವೆಯ ಮುನ್ನ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್, ವಧುವಿಗೆ ಬಳೆ ತೊಡಿಸುವ ಚೂಡೊ, ಗೋವೆಯಿಂದ ಬಂದ ನಮ್ಮ ಕೊಂಕಣಿ ಕುಟುಂಬಗಳಲ್ಲಿ ಇಂದಿಗೂ ನಡೆಯುತ್ತವೆ. ಆಜ್ಞೆ ಮಾಡಿದವರು ಹೋದರು, ಬಳೆಗಳು ಉಳಿದವು. 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ದಕ್ಷಿಣ ಭಾರತದ ಅನೇಕ ಆಚಾರಗಳ ಮೇಲಿನ ರಿಯಾಯಿತಿಯನ್ನು ಕೊನೆಗಾಣಿಸಿದರು; ಈ ವಿಷಯದಲ್ಲಿ ಗುರುಗಳು ಮಾಡಬೇಕಾಗಿದ್ದ ಪ್ರತಿಜ್ಞೆ 1940ರಲ್ಲಿ ರದ್ದಾಯಿತು.

ಮುಂದೆ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದು, 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾವಿಧಿಯ ಶಾಸನ ಜನರ ಭಾಷೆಗೂ ಸಂಸ್ಕೃತಿಗೂ ದೇವಾಲಯದ ಬಾಗಿಲು ತೆರೆಯಿತು. ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮೊದಲಾದ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲ್ 25ರಂದು ರೋಮಿನಿಂದ ಅನುಮತಿ ಬಂದಿತು. ನಮ್ಮ ನೆರೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ವಿರಕ್ತಮಠವೆಂಬ ಹೆಸರಿನಲ್ಲಿಯೇ ಆಶ್ರಮ ಕಟ್ಟಿ, ಕಾವಿ ಉಟ್ಟು, ಈ ನಾಡಿನ ಮಠಗಳ ರೀತಿಯಲ್ಲಿ ಬಾಳಿದ್ದನ್ನು ನಮ್ಮವರು ಕಂಡಿದ್ದಾರೆ.

ಆಗ ವಿರೋಧಿಸಿದವರು ಯಾರು? ನಾವೇ. ಬಾಲಕರಾಗಿದ್ದಾಗ ನಮ್ಮ ಅಜ್ಜಿ ಕನ್ನಡ ಪೂಜೆಯ ವಿಷಯವಾಗಿ ಗೊಣಗುತ್ತಿದ್ದುದು ನಮಗೆ ಇನ್ನೂ ನೆನಪಿದೆ. ಲತೀನಿನ ಒಂದು ಪದವೂ ಆಕೆಗೆ ಅರ್ಥವಾಗುತ್ತಿರಲಿಲ್ಲ. ಪೂಜೆಯುದ್ದಕ್ಕೂ ಜಪಸರವನ್ನೇ ಎಣಿಸುತ್ತಿದ್ದಳು. ಆದರೆ ಆಕೆಯ ತಂದೆತಾಯಿಗಳನ್ನು ಮಣ್ಣು ಮಾಡಿದ್ದು ಆ ಲತೀನಿನ ಧ್ವನಿಯಲ್ಲಿ. ಆಕೆಯ ಮಕ್ಕಳಿಗೆ ಜ್ಞಾನಸ್ನಾನವಾದದ್ದೂ ಆ ಧ್ವನಿಯಲ್ಲಿಯೇ. ಹೊರಗಿನಿಂದ ಬಂದ ಲತೀನು ನಮ್ಮದಾಗಿತ್ತು. ನಾವು ಹುಟ್ಟಿದಂದಿನಿಂದ ಆಡಿದ ಕನ್ನಡ ದೇವಾಲಯದಲ್ಲಿ ಪರಕೀಯವಾಗಿತ್ತು. ಆಚಾರದ ಬಲ ಅದರ ಅರ್ಥದಲ್ಲಿ ಮಾತ್ರವಿಲ್ಲ, ಅದು ಯಾರ ನೆನಪನ್ನು ಹೊತ್ತಿದೆಯೆಂಬುದರಲ್ಲಿದೆ.

ನಾವು ಮಾಡಿದ ತಪ್ಪು

ಇಷ್ಟನ್ನು ಸೆಮಿನರಿಯಲ್ಲಿ ಓದಿಯೂ ನಾವು ಎಡವಿದೆವು. ಗುರುದೀಕ್ಷೆಯಾದ ಹೊಸತರಲ್ಲಿ ಒಂದು ಹಳ್ಳಿಗೆ ಹೋಗಿದ್ದೆವು. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಸಮಾಧಿಗಳ ಮೇಲೆ ರೊಟ್ಟಿ, ಪಲ್ಯ, ಬೆಲ್ಲದ ಎಡೆ ಇಟ್ಟಿದ್ದರು. ಇದು ಮೂಢನಂಬಿಕೆಯೆಂದು ಎಲ್ಲರೆದುರು ಗದರಿಸಿ ನಾವೇ ಅದನ್ನು ತೆಗೆಸಿದೆವು. ಒಬ್ಬ ಮುದುಕಿ ಮರುವಾರದಿಂದ ಪೂಜೆಗೆ ಬರಲಿಲ್ಲ. ತಿಂಗಳ ಮೇಲೆ ಅವಳ ಮನೆಗೆ ಹೋದೆವು. ಅವಳು ಸಿಟ್ಟಿನಿಂದ ಮಾತಾಡಲಿಲ್ಲ. "ಯಪ್ಪಾ, ಬರಗಾಲದಾಗ ಸತ್ತ ಮಗ ಅವ. ಬದುಕಿದ್ದಾಗ ಹೊಟ್ಟಿ ತುಂಬ ಹಾಕಲಿಲ್ಲ. ಈಗ ವರ್ಷಕ್ಕ ಒಂದು ರೊಟ್ಟಿ ಇಟ್ಟರ ದೇವರು ಸಿಟ್ಟಾಗ್ತಾನೇನ್ರೀ?" ಎಂದಳು.

ಆ ರೊಟ್ಟಿ ಏನನ್ನು ಹೊತ್ತಿತ್ತೆಂಬುದು ನಮಗೆ ಅಂದು ತಿಳಿಯಿತು. ಸತ್ತವರು ಉಣ್ಣುತ್ತಾರೆಂದು ಅವಳು ನಂಬಿರಲಿಲ್ಲ. ತೀರಿಸಲಾಗದ ಒಂದು ಸಾಲವನ್ನು ತೀರಿಸುತ್ತಿದ್ದಳು. ಅವಳಿಗೆ ಕ್ಷಮೆ ಕೇಳಿದೆವು. ಮರುವರ್ಷ ಮೃತರ ಹೆಸರಿನಲ್ಲಿ ರೊಟ್ಟಿ ಕಾಳುಗಳನ್ನು ಕಾಣಿಕೆಯ ಹೊತ್ತಿಗೆ ಪೀಠಕ್ಕೆ ತರಿಸಿ, ಆಶೀರ್ವದಿಸಿ, ಹಸಿದವರಿಗೆ ಹಂಚಿದೆವು. ಮೊದಲಿಗೆ ಬುಟ್ಟಿ ಹಿಡಿದು ಬಂದವಳು ಅವಳೇ. ಸಮಾಧಿಯ ಮೇಲಿನ ಎಡೆ ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ ಕಡಿಮೆಯಾಯಿತು.

ಎರಡನೆಯ ಶತಮಾನಕ್ಕೆ

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಜನರು ಆಚಾರವನ್ನು ಬಿಡದಿರುವುದು ಬಹುಮಟ್ಟಿಗೆ ಮೊಂಡುತನದಿಂದಲ್ಲ. ಮನೆಯ ತೊಲೆಯಂತೆ ಪ್ರತಿಯೊಂದು ಆಚಾರವೂ ಏನನ್ನಾದರೂ ಹೊತ್ತು ನಿಂತಿರುತ್ತದೆ. ಕಿತ್ತೂರಿನಲ್ಲಿ ಹೆಸರು ಮತ್ತು ಭೂಮಿ, ಸವದತ್ತಿಯಲ್ಲಿ ಭಯ ಮತ್ತು ಮುಪ್ಪಿನ ಅನ್ನ, ನಮ್ಮ ಅಜ್ಜಿಯ ಲತೀನಿನಲ್ಲಿ ಹಿರಿಯರ ನೆನಪು. ತೊಲೆಗೆ ಹುಳು ಹಿಡಿದಿದ್ದರೆ ಅದನ್ನು ಬದಲಿಸಲೇಬೇಕು. ಹುಳು ಹಿಡಿದ ತೊಲೆಯ ಕೆಳಗೆ ಮಕ್ಕಳನ್ನು ಮಲಗಿಸುವುದು ಪಾಪ. ಆದರೆ ಬಲ್ಲ ಬಡಿಗನು ಮೊದಲು ಆಸರೆಯ ಕಂಬ ಕೊಟ್ಟು ಅನಂತರ ತೊಲೆ ಕೀಳುತ್ತಾನೆ.

ವಿಧವೆಯನ್ನು ಮಂಗಳಕಾರ್ಯದಿಂದ ದೂರವಿಡುವುದು ಹುಳು ಹಿಡಿದ ತೊಲೆ. ಈ ಮಾತಿನಲ್ಲಿ ನಮಗೆ ಸಂಶಯವಿಲ್ಲ. ನಾಯಿನ್ ಊರಿನ ವಿಧವೆಯ ಕಣ್ಣೀರು ಕಂಡು ಮರುಗಿದ ಪ್ರಭುಯೇಸುವಿನ ಮನೆಯಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಹರಸಲಾರದೆ ಒಲೆಯ ಹಿಂದೆ ಕೂರುವುದು ನಮಗೆಲ್ಲರಿಗೂ ನಾಚಿಕೆ. ಈ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಸೂತಕಗಳನ್ನು ಅಲ್ಲಗಳೆದರು. ಆದರೂ ಅವು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಮರಳಿ ಬಂದವು. ನಮ್ಮ ಮನೆಗಳಿಗೂ ಬಂದಿವೆ.

ಆ ಯುವಕನ ತಾಯಿಯನ್ನು ಕೇಳಿದೆವು. ಅವಳನ್ನು ಯಾರೂ ಹೊರಗೆ ದೂಡಿರಲಿಲ್ಲ. ತಾನಾಗಿಯೇ ಹಿಂದೆ ಉಳಿದಿದ್ದಳು. "ನನ್ನ ನೆರಳು ಮಗಳ ಮ್ಯಾಲ ಬೀಳಬಾರದ್ರಿ" ಎಂದಳು. ಅವಳು ಹಿಂದೆ ಉಳಿದದ್ದು ಮಗಳ ಮೇಲಿನ ಮಮತೆಯಿಂದ. ಇಂಥವಳ ಮೇಲೆ ಪೀಠದಿಂದ ಕಟ್ಟಪ್ಪಣೆ ಮಾಡಿದರೆ, ದುಃಖದ ಮೇಲೆ ಅಪರಾಧದ ಹೊರೆಯನ್ನೂ ಹೊರಿಸಿದಂತಾದೀತು. ನಾಳೆ ಆ ಮಗಳ ಮನೆಯಲ್ಲಿ ಏನಾದರೂ ಕೇಡು ಸಂಭವಿಸಿದರೆ ಆ ತಾಯಿ ತನ್ನನ್ನೇ ಹಳಿದುಕೊಳ್ಳುವಳು.

ಆದ್ದರಿಂದ ಕಟ್ಟಪ್ಪಣೆಯ ಬದಲು ಬೇರೊಂದು ದಾರಿ ಹಿಡಿದೆವು. ಧರ್ಮಕೇಂದ್ರದ ಹಿರಿಯ ಮುತ್ತೈದೆಯರನ್ನೂ ವಿಧವೆಯರನ್ನೂ ಒಟ್ಟಿಗೆ ಕರೆದು ಮೂರು ಸಂಜೆ ಕುಳಿತು ಮಾತಾಡಿದೆವು. ಮಾತಾಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮೊದಲ ಸಂಜೆ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಸಂಜೆ ಮುತ್ತೈದೆಯರೇ ಒಂದು ಮಾತು ಹೇಳಿದರು: ಶತಮಾನೋತ್ಸವದ ಬಲಿಪೂಜೆಯಲ್ಲಿ ಪೀಠದ ಮುಂದಿನ ದೀಪವನ್ನು ನಮ್ಮ ವಿಧವೆ ತಾಯಂದಿರು ಬೆಳಗಿಸಲಿ, ಆರತಿಯ ತಟ್ಟೆ ಹಿಡಿದು ತಾವು ಅವರ ಪಕ್ಕದಲ್ಲಿ ನಿಲ್ಲುವೆವು ಎಂದು. ಎಲ್ಲರೂ ಒಪ್ಪಿದರೆಂದು ನಾವು ಹೇಳಲಾರೆವು. ಕೆಲವರು ಎದ್ದು ಹೋದರು. ಅವರನ್ನು ನಾವು ಜರೆಯಲಿಲ್ಲ, ಮತ್ತೆ ಕರೆಯುತ್ತೇವೆ.

ಪ್ರಿಯ ಬಾಂಧವರೇ, ನೂರು ವರ್ಷ ನಮ್ಮ ಹಿರಿಯರು ಕಲ್ಲು ಹೊತ್ತು ಈ ದೇವಾಲಯವನ್ನು ಕಟ್ಟಿದರು. ಇನ್ನು ಮುಂದಿನ ನೂರು ವರ್ಷ ಒಬ್ಬರು ಇನ್ನೊಬ್ಬರ ಹೊರೆಯನ್ನು ಹೊರುವುದನ್ನು ಕಲಿಯೋಣ. ನಿಮ್ಮ ಮನೆಯಲ್ಲಿ ಒಂದು ಹಳೆಯ ಆಚಾರ ತಪ್ಪೆಂದು ತೋರಿದರೆ, ಅದನ್ನು ಆಚರಿಸುವ ಹಿರಿಯಳ ಬಳಿ ಕುಳಿತು, ಅದು ಅವಳಿಗೆ ಏನಾಗಿದೆಯೆಂದು ಮೊದಲು ಕೇಳಿರಿ. ಕೇಳಿದ ಮೇಲೆ ಸುಮ್ಮನಿರಬೇಡಿರಿ; ಅವಳ ಭಯದಲ್ಲಿ ಪಾಲುಗೊಂಡು ಜೊತೆಗೆ ನಿಲ್ಲಿರಿ.

ದೀಪ ಬೆಳಗಿಸುವ ತಾಯಂದಿರ ಪಟ್ಟಿಯಲ್ಲಿ ಆ ಯುವಕನ ತಾಯಿಯ ಹೆಸರು ಈ ಲೇಖನ ಬರೆಯುವ ಹೊತ್ತಿಗೆ ಸೇರಿಲ್ಲ. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ಅವಳಿಗಾಗಿ ಒಂದು ಬತ್ತಿಯನ್ನು ತೆಗೆದಿಟ್ಟಿದ್ದೇವೆ. ಆಕೆಯ ಮಗನೂ ನಾವೂ ಕಾಯುತ್ತೇವೆ. ಪ್ರಭು ನಮ್ಮೆಲ್ಲರಿಗೂ ತಾಳ್ಮೆಯನ್ನೂ ಧೈರ್ಯವನ್ನೂ ಸಮನಾಗಿ ಅನುಗ್ರಹಿಸಲಿ.